ಬಾವಿಗೆ ಮೊದಲು ಇಳಿಯುವ ಕಾಲು

ಕೆಂಚಿನಾಳದ ಗೌಡರ ಮನೆತನಕ್ಕೆ ಹೊಲ ಎಷ್ಟು, ಎತ್ತು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಅವರ ಮಾನವೆಲ್ಲ ಇದ್ದದ್ದು ಬಾವಿಯ ಪಾವಟಿಗೆಯ ಮೇಲೆ. ನಾಲತವಾಡದಿಂದ ಎರಡು ಹರದಾರಿ ದೂರದ ಆ ಊರಿಗೆ ಸಿಹಿನೀರಿನ ಬಾವಿ ಒಂದೇ. ಹಾಸುಗಲ್ಲಿನ ಮೆಟ್ಟಿಲು ಇಳಿದು, ನೀರೊಳಗೆ ನಿಂತು, ಕೊಡ ಮುಳುಗಿಸಿ ತುಂಬಿಕೊಂಡು ಹತ್ತಬೇಕು. ಬೆಳಗಾದರೆ ಹೆಂಗಸರು ಕೊಡ ಹಿಡಿದು ಮೇಲೆ ಸಾಲಾಗಿ ನಿಲ್ಲುವರು. ಖಂಡೆಪ್ಪಗೌಡ ಬರುವ ತನಕ ಒಬ್ಬರೂ ಇಳಿಯುವಂತಿಲ್ಲ. ಅವನು ಬಂದು, ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ನೀರಿಗೆ ಕಾಲಿಟ್ಟು, ಬಾಯಿ ಮುಕ್ಕಳಿಸಿ, ಸೂರ್ಯನಿಗೆ ಒಂದು ಬೊಗಸೆ ಬಿಟ್ಟು ಮೇಲೆ ಬಂದ ನಂತರವೇ ಊರಿಗೆ ನೀರು. ಅವನ ಅಪ್ಪ ಹಾಗೆ ಇಳಿದಿದ್ದ, ಅಜ್ಜ ಇಳಿದಿದ್ದ. ಒಂದು ಸಲ ಅವನ ಒಡಹುಟ್ಟಿದ ತಮ್ಮ ಬಾಪುಗೌಡ, ಹೊಲಕ್ಕೆ ಹೊತ್ತಾಯಿತೆಂದು ಅಣ್ಣನಿಗಿಂತ ಮೊದಲು ಇಳಿದುಬಿಟ್ಟ. ಖಂಡೆಪ್ಪ ಬಾರುಕೋಲು ತಂದು, ಕೊಡ ಹಿಡಿದು ನಿಂತ ಅಷ್ಟೂ ಹೆಂಗಸರ ಎದುರಿಗೆ ತಮ್ಮನ ಬೆನ್ನಿನ ತೊಗಲು ಸುಲಿದ. ಬಾಪುಗೌಡ ಆಮೇಲೆ ಅಂಗಿ ಬಿಚ್ಚಿ ಹೊಲದಲ್ಲಿ ದುಡಿದದ್ದನ್ನು ಯಾರೂ ನೋಡಲಿಲ್ಲ.

ಊರಿಗೆ ಇನ್ನೊಂದು ವತನವೂ ಇತ್ತು. ಅದು ನಾರು. ಬೇಸಿಗೆ ಬಂತೆಂದರೆ ಕಾಲಿನ ಮೇಲೆ ಒಂದು ಬೊಬ್ಬೆ ಎದ್ದು ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಜೋಳದ ಕಣಕಿಯ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳುದ್ದದಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಕೀವುಗಟ್ಟುತ್ತದೆ, ಪಾಪಿಯ ಹಣೆಬರಹ ಕೆಟ್ಟಿದ್ದರೆ ಜೀವವೂ ಹೋಗುತ್ತದೆ. ಬಿತ್ತನೆಯ ಹೊತ್ತಿಗೆ ಊರ ಗಂಡಸರು ಕಟ್ಟೆಯ ಮೇಲೆ ಕಾಲು ಚಾಚಿ, ಕಡ್ಡಿ ಕಟ್ಟಿಕೊಂಡು, ಬಾಣಂತಿಯರ ಹಾಗೆ ಕೂತಿರುವರು. ಸುತ್ತಲಿನ ಹಳ್ಳಿಯವರು ಈ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಖಂಡೆಪ್ಪನಿಗೆ ನಾರು ಎಡಗಾಲಿನ ಹರಡಿನ, ಪಾದ ಕೂಡುವ ಗಂಟಿನ, ಹತ್ತಿರ ಬರುತ್ತಿತ್ತು, ಬೇಸಿಗೆಗೊಮ್ಮೆ ತಪ್ಪದೆ. ಆ ಉರಿಗೆ ಬೇವು, ಅರಿಸಿನ, ಎಕ್ಕೆಯ ಹಾಲು ಯಾವುದೂ ನಾಟುತ್ತಿರಲಿಲ್ಲ. ನಾಟುತ್ತಿದ್ದುದು ಬಾವಿಯ ತಣ್ಣೀರು ಒಂದೇ. ಕಾಲು ನೀರಿಗೆ ಇಟ್ಟ ಕೂಡಲೇ ಹುಣ್ಣಿನ ಬಾಯಿಂದ ಬೆಳ್ಳಗೆ ಏನೋ ಹೊರಟು, ನೀರಲ್ಲಿ ಹಾಲು ತೊಟ್ಟಿಕ್ಕಿದ ಹಾಗೆ ಹರಡುತ್ತಿತ್ತು. ಮರುಗಳಿಗೆ ಉರಿ ಇಳಿಯುತ್ತಿತ್ತು. "ಗಂಗವ್ವ ನನ್ನ ವಿಷಾ ಎಳಕೊಂಡ್ಲು ನೋಡ್ರಿ" ಎಂದು ಅವನು ಮೇಲೆ ನಿಂತ ಹೆಂಗಸರಿಗೆ ಹೇಳುವನು. ಅವರು ಗಂಗವ್ವನಿಗೆ ಕೈಮುಗಿದು, ಆ ಬಿಳುಪು ಕರಗಿದ ಮೇಲೆ ಇಳಿದು ಕೊಡ ತುಂಬಿಕೊಳ್ಳುವರು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಖಂಡೆಪ್ಪನ ಮಗ ಪರಪ್ಪನ ಮೀನಖಂಡದಲ್ಲಿ ನಾರು ಹರಿಯಿತು. ಕಾಲು ಬಾತು ಕಪ್ಪಾಯಿತು. ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನ ಹಾಗೆ ಮಣಿದು, ಮೀಸೆ ಮೂಡಿದ ಮಗ ಅಪ್ಪನ ತೊಡೆಯ ಮೇಲೆ ಸತ್ತ. ಮರುವರ್ಷ, ಬೇವು ಹೂ ಬಿಡುವ ಹೊತ್ತಿಗೆ, ಉಳಿದ ಒಬ್ಬಳೇ ಮಗಳು ಬಾಳಮ್ಮನ ಮೊಣಕಾಲು ಕುಂಬಳಕಾಯಿಯಷ್ಟು ಬಾತಿತು. ಜ್ವರದಲ್ಲಿ ಅವಳು ಅಣ್ಣನ ಹೆಸರು ಹಿಡಿದು ಕನವರಿಸತೊಡಗಿದಳು. ಹೆಂಡತಿ ಕಸ್ತೂರೆವ್ವ ಹಾಸಿಗೆಯ ಪಕ್ಕ ಕೂತು ಗಂಡನಿಗೆ ಹೇಳಿದ್ದು ಒಂದೇ ಮಾತು: "ಇದೂ ಹೋತಂದ್ರ ನಾನೂ ಬಾವಿ ಬೀಳಾಕಿ."

ಖಂಡೆಪ್ಪ ಯೋಚಿಸಿದ. ಅವನು ದಡ್ಡನಲ್ಲ, ಅದೇ ಬಂದ ತೊಂದರೆ. ದಡ್ಡನಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದ. ಊರಿನಲ್ಲಿ ಮನೆಗೆ ಇಬ್ಬರು ಮೂವರು ಮಲಗಿದ್ದಾರೆ, ಕೇರಿಯಲ್ಲಿ ಮಾತ್ರ ಒಬ್ಬರ ಕಾಲಿಗೂ ಕಡ್ಡಿ ಇಲ್ಲ. ಹೋದ ವರ್ಷವೂ ಇರಲಿಲ್ಲ, ಅದರ ಹಿಂದಿನ ವರ್ಷವೂ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಉತ್ತರವನ್ನು ಅವನು ಬೇರೆ ಕಡೆ ಹುಡುಕಿದ.

ಕೇರಿಯವರು ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಕೇರಿಯ ಮಾನಪ್ಪ ಎಂಬವನ ಅಪ್ಪ ಬದುಕಿದ್ದಷ್ಟು ದಿನ ಬಂಡೆ ಒಡೆದು, ಕೇರಿಯ ಹಿಂದೆ ಒಂದು ಸಣ್ಣ ಬಾವಿ ತೋಡಿದ್ದ. ಒಬ್ಬ ಮನುಷ್ಯ ಹಗ್ಗ ಹಿಡಿದು ಇಳಿಯುವಷ್ಟೇ ಅಗಲ, ಮೆಟ್ಟಿಲಿಲ್ಲ, ನೀರು ಕೊಂಚ ಸವಳು. ಕೇರಿಗೆ ಕೇರಿಯೇ ಹಗ್ಗ ಬಿಟ್ಟು ಸೇದಿ ಅದನ್ನೇ ಕುಡಿಯುತ್ತಿತ್ತು. ಮಾನಪ್ಪನ ಹೆಂಡತಿ ಸೀತವ್ವ ಗೌಡರ ದನದ ಕೊಟ್ಟಿಗೆ ಬಳಿದು ಕುಳ್ಳು ತಟ್ಟುವವಳು. ಪರಪ್ಪ ನರಳುವಾಗ ಅವಳು ಅಂಗಳದ ಅಂಚಿನಲ್ಲಿ ನಿಂತು ಮರುಗಿದ್ದಳು: "ನಮ್ಮ ಕೇರ್ಯಾಗ ಇದು ಬರೂದs ಇಲ್ರಿ ಗೌಡ್ರ. ಪಾಪ, ಧಣಿ ಮಗಾಗ ಯಾಕ ಬಂತೋ." ಆಗ ಅದು ಮರುಕದ ಮಾತು. ಮಗ ಸತ್ತ ಮೇಲೆ ಅದೇ ಮಾತು ಖಂಡೆಪ್ಪನ ಕಿವಿಯೊಳಗೆ ಕೂತು ಬೇರೆಯಾಯಿತು.

ಸಿಂದಗಿ ಕಡೆಯಿಂದ ಬಂದ ಹೇಳಿಕೆ ಹೇಳುವವನೊಬ್ಬ ನಿಂಬೆಹಣ್ಣು ಕೊಯ್ದು ನೋಡಿ, "ನಿನ್ನ ಬಾಗಲಾ ತುಳಿಯೂ ಹೆಣ್ಣು. ತನಗಿಲ್ಲದ್ದನ್ನ ನಿನಗ ಕೊಟ್ಟಾಳ. ಬಾಯಾಗ ಮಂತ್ರ ಐತಿ" ಎಂದ. ಹೆಸರು ಹೇಳುವ ಕಷ್ಟವನ್ನು ಅವನು ತೆಗೆದುಕೊಳ್ಳಲಿಲ್ಲ. ಖಂಡೆಪ್ಪನಿಗೆ ಅದರ ಅಗತ್ಯವೂ ಇರಲಿಲ್ಲ.

ಸೀತವ್ವ ಕೊಟ್ಟಿಗೆಯಲ್ಲಿ ಬಗ್ಗಿ ಸೆಗಣಿ ಬಾಚುತ್ತಿದ್ದಳು. ಖಂಡೆಪ್ಪ ಹಿಂದಿನಿಂದ ಹೋಗಿ ತುರುಬು ಹಿಡಿದ. "ಯಾಕ್ರಿ ಎಪ್ಪಾ" ಎಂದಳು ಅವಳು. ಏನೋ ಕೆಲಸ ತಪ್ಪಿದೆ ಎಂದುಕೊಂಡ ದನಿ ಅದು. ಅವನು ಎಳೆದ. ಬಾಗಿಲಿನ ಹೊಸ್ತಿಲಿಗೆ ಅವಳ ಹಣೆ ಬಡಿಯಿತು, ಬೀದಿಯ ಕಲ್ಲಿಗೆ ಮೊಣಕೈ ಸುಲಿಯಿತು. ಚಾವಡಿಯ ಮುಂದಿನ ಬೇವಿನ ಗಿಡದ ತನಕ ಎಳೆದು ತಂದಾಗ ಅವನ ಮುಷ್ಟಿಯಲ್ಲಿ ಅವಳ ಕೂದಲಿನ ಒಂದು ಹಿಡಿ ಬೇರುಸಮೇತ ಉಳಿದಿತ್ತು. ಊರು ಸೇರಿತು. ಮುಟ್ಟಬಾರದವಳನ್ನು ಅಂದು ಎಲ್ಲರೂ ಮುಟ್ಟಿದರು, ಒದೆಯುವುದಕ್ಕೆ ಮೈಲಿಗೆ ಇಲ್ಲವಲ್ಲ. ಮಾನಪ್ಪ ಬರಿಗೈಯಲ್ಲಿ ಓಡಿಬಂದ. ಬಾಪುಗೌಡ ಗಾಡಿಯ ಗೂಟ ಕಿತ್ತು ಬೀಸಿದ. ಮಾನಪ್ಪನ ಮುಂಗೈ ಒಣಕಟ್ಟಿಗೆಯ ಸದ್ದು ಮಾಡಿ ಮುರಿಯಿತು. ಅವನನ್ನು ಗಾಲಿಗೆ ಕಟ್ಟಿಹಾಕಿದರು.

ಮಾಟ ಮಾಡುವವರ ಮುಂಬಲ್ಲು ಕಿತ್ತರೆ ಬಾಯಲ್ಲಿ ಗಾಳಿ ಸೋರಿ ಮಂತ್ರ ಫಲಿಸುವುದಿಲ್ಲ ಎಂಬುದು ಆ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಬಲ್ಲದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಕಮ್ಮಾರ ಸಿದ್ರಾಮನಿಗೆ ಕರೆ ಹೋಯಿತು. ಅವನು ಇಕ್ಕಳ ಹಿಡಿದು ಬಂದು, ನೆಲದ ಮೇಲೆ ಬಿದ್ದವಳನ್ನು ನೋಡಿ ನಿಂತ.

"ಇದು ಲಾಳಾ ಕೀಳೂ ಇಕ್ಕಳ ಗೌಡ್ರ. ಮಂದಿ ಬಾಯಿಗಲ್ಲ."

"ಹಂಗಾರ ಇಲ್ಲಿಟ್ಟು ಹೋಗು."

ಸಿದ್ರಾಮ ಇಟ್ಟು ಹೋದ. ಹಿಂದಿರುಗಿ ನೋಡಲಿಲ್ಲ, ಇಕ್ಕಳವನ್ನೂ ಒಯ್ಯಲಿಲ್ಲ.

ಖಂಡೆಪ್ಪ ಅವಳ ಎದೆಯ ಮೇಲೆ ಮೊಣಕಾಲೂರಿ ಕೂತ. ಇಬ್ಬರು ತಲೆ ಹಿಡಿದರು, ಒಬ್ಬ ದವಡೆ ಅಗಲಿಸಿದ. "ಹಿಂದಕ್ಕ ತಗೊ" ಎಂದ ಖಂಡೆಪ್ಪ. "ನನ್ನ ಮಗಳ ಕಾಲಾಗಿಂದು ಹಿಂದಕ್ಕ ತಗೊ." ಅವಳ ಗಂಟಲಿನಿಂದ ಬಂದದ್ದು ಮಾತಲ್ಲ. ಮೊದಲ ಹಲ್ಲು ಅರ್ಧಕ್ಕೆ ಮುರಿಯಿತು, ಬೇರನ್ನು ಬೇರೆಯಾಗಿ ಹಿಡಿದು ತಿರುಚಬೇಕಾಯಿತು. ಎರಡನೆಯದು ಒಸಡಿನ ಚೂರಿನ ಸಮೇತ ಬಂತು. ಆಮೇಲೆ ಅವಳು ಕೂಗುವುದನ್ನು ಬಿಟ್ಟಳು. ರಕ್ತ ಗಂಟಲಿಗೆ ಇಳಿದು ಕೆಮ್ಮಿದಾಗ ಅವನ ಅಂಗಿ ತೊಯ್ದಿತು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ. ಅವಳ ಮೈಯ ಪಕ್ಕ ನೆಲಕ್ಕೊತ್ತಿದ ಅವನ ಎಡಗಾಲಿನ ಮೇಲಿತ್ತು, ಹರಡಿಗೆ ಕಟ್ಟಿದ ಕಣಕಿಕಡ್ಡಿಯ ಮೇಲೆ, ಅದಕ್ಕೆ ಸುತ್ತಿದ ಬಿಳಿ ನಾರಿನ ಮೇಲೆ. ಮುಂದಿನ ಹಲ್ಲುಗಳನ್ನೆಲ್ಲ ಕಿತ್ತು ಖಂಡೆಪ್ಪ ಎದ್ದ. ಮನಸ್ಸಿಗೆ ಹಗುರವಾಗಿತ್ತು. ಅದನ್ನು ಬಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ, ಹಗುರವಾಗಿತ್ತು.

ಅಷ್ಟಕ್ಕೆ ಬಿಡಲಿಲ್ಲ. ಮಂತ್ರ ಕೇರಿಯ ನೀರಿನಲ್ಲೂ ಇರಬಹುದೆಂದು ಯಾರೋ ಅಂದರು. ಹೊಲದ ಬದುವಿನ ಕಲ್ಲನ್ನು ಗಾಡಿಗಾಡಿ ತಂದು ಆ ಸಣ್ಣ ಬಾವಿಗೆ ಸುರಿದರು. ಮಾನಪ್ಪನ ಅಪ್ಪನ ಜನ್ಮದ ಕೆಲಸ ಅಂದು ಸಂಜೆಯೊಳಗೆ ಮುಚ್ಚಿತು. ಮುದ್ದೇಬಿಹಾಳದ ಠಾಣೆಗೆ ಸುದ್ದಿ ಹೋಗಲಿಲ್ಲ. ಹೋಗಬೇಕಾದ ದಾರಿ ಗೌಡರ ಹೊಲದ ನಡುವೆಯೇ ಇತ್ತು. ಮರುದಿನದಿಂದ ಕೇರಿಯವರು ಊರ ಬಾವಿಯ ಮೇಲೆ ದೂರ ನಿಂತು, ಯಾರಾದರೂ ಎತ್ತರದಿಂದ ತಮ್ಮ ಕೊಡಕ್ಕೆ ಸುರಿಯಲಿ ಎಂದು ಕಾಯತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಕೇಳಿ ನಗುತ್ತೇವೆ. ಎಮ್ಮೆಯ ನೀರನ್ನೂ ಮುಚ್ಚಿದ ಊರು ಅದು.

ಇನ್ನೂ ಕೆಟ್ಟದ್ದೆಂದರೆ, ಬಾಳಮ್ಮ ಬದುಕಿದಳು. ವಾರದೊಳಗೆ ನಾರು ಹರಿಯದೆ ಪೂರ್ತಿ ಹೊರಬಂತು, ಜ್ವರ ಬಿಟ್ಟಿತು. ಮೊಣಕಾಲು ಮಾತ್ರ ಮಡಚಲಾರದಂತೆ ಸೆಟೆದು ನಿಂತಿತು. ಕಸ್ತೂರೆವ್ವ ಗಂಡನ ಕಾಲಿಗೆ ಬಿದ್ದಳು. ಊರವರು ಖಂಡೆಪ್ಪನ ಧೈರ್ಯವನ್ನು ಹೊಗಳಿದರು. ಅವನು ಮುಂಚಿನ ಹಾಗೆಯೇ ಬೆಳಗ್ಗೆ ಬಾವಿಗಿಳಿದು, ಉರಿಯುವ ಕಾಲನ್ನು ಗಂಗವ್ವನಿಗೆ ಒಪ್ಪಿಸಿ, ಅದೇ ನೀರಿನ ಮೊದಲ ಕೊಡವನ್ನು ಮಗಳ ಹಾಸಿಗೆಯ ಬಳಿಗೆ ಕಳಿಸುತ್ತಿದ್ದ.

ವರ್ಷ ತಿರುಗಿತು. ಬೇವು ಮತ್ತೆ ಹೂ ಬಿಟ್ಟಿತು. ಕೇರಿಯಲ್ಲಿ ಮೊದಲ ಸಲ ನಾರು ಬಂತು. ಮಾನಪ್ಪನ ಪಾದಕ್ಕೆ, ಮುದುಕಿಯರ ಮೀನಖಂಡಕ್ಕೆ, ಸೀತವ್ವನ ಹಿಮ್ಮಡಿಗೆ. ಮಾಟಗಾತಿ ತನ್ನ ಹಿಮ್ಮಡಿಗೆ ತಾನೇ ಹುಳ ಬಿಟ್ಟುಕೊಂಡಾಳೆಯೇ ಎಂದು ಕೇಳುವ ಬುದ್ಧಿ ಊರಿಗೆ ಬರಲಿಲ್ಲ. ಹಲ್ಲಿಲ್ಲದ್ದಕ್ಕೆ ಮಂತ್ರ ತಪ್ಪಿ ಅವಳಿಗೇ ತಿರುಗಿದೆ ಎಂದರು. ಆದರೆ ಬಾಳಮ್ಮನಿಗೂ ಮತ್ತೆ ಬಂತು. ತೊಡೆಯಲ್ಲಿ ಒಂದು, ಸೆಟೆದ ಆ ಮೊಣಕಾಲಿನಲ್ಲೇ ಇನ್ನೊಂದು. ಖಂಡೆಪ್ಪನ ನಿದ್ದೆ ಹಾರಿತು. ಈ ಸಲ ಯಾರ ಹಲ್ಲು ಕೀಳುವುದು ಎಂದು ಅವನು ನಿಜವಾಗಿಯೂ ಯೋಚಿಸುತ್ತಿದ್ದ.

ಆಗ ಬಂದವನು ಯಾಕೂಬಸಾಬ. ಬಸವನ ಬಾಗೇವಾಡಿ ಕಡೆಯ ಮನುಷ್ಯ, ಆರೋಗ್ಯ ಇಲಾಖೆಯವನು. ಸೈಕಲ್ಲಿನ ಹಿಂದೆ ಅಗಲ ತಟ್ಟೆಯಂಥ ಒಂದು ಪರಾತ, ಚೀಲದಲ್ಲಿ ಗಾಜಿನ ಲೋಟ. ಹಳ್ಳಿಯವರ ಮೇಲೆ ರೇಗುವುದು ಅವನ ನೌಕರಿಯ ಭಾಗ ಎಂದು ತಿಳಿದವನು. ಚಾವಡಿಯ ಮುಂದೆ ಜನ ಸೇರಿಸಿ, ಪರಾತದಲ್ಲಿ ತಿಳಿನೀರು ಹಾಕಿಸಿ, "ಹುಣ್ಣಿನ ಕಾಲಿನವರು ಯಾರರ ಬರ್ರಿ" ಎಂದ. ಹತ್ತಿರ ಕೂತಿದ್ದ ಬಾಪುಗೌಡ ಕಾಲು ಇಟ್ಟ. ಗಳಿಗೆ ಕಳೆಯಲಿಲ್ಲ. ಹುಣ್ಣಿನ ಬಾಯಿಂದ ಬೆಳ್ಳಗೆ ಹೊರಟು ನೀರಿನಲ್ಲಿ ಹರಡಿತು.

"ನೋಡ್ರಿ" ಎಂದ ಯಾಕೂಬಸಾಬ. "ಇದು ಹಾಲಲ್ಲ, ಕೀವಲ್ಲ. ಹುಳದ ಮರಿ. ಸಾವಿರಗಟ್ಟಲೆ ಮರಿ. ನೀರು ತಾಗಿದ ಕೂಡ್ಲೆ ತಾಯಿಹುಳ ಇವನ್ನ ಹೊರಗ ಹಾಕತೈತಿ." ಬಾವಿಯ ನೀರನ್ನು ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದ. ದೂಳಿನ ಕಣದಂಥವು ಅದರಲ್ಲಿ ಚಿಮ್ಮಿ ಚಿಮ್ಮಿ ಓಡಾಡುತ್ತಿದ್ದವು. "ಈ ನೀರಿನ ಚಿಗಟ ಆ ಮರೀನ ನುಂಗತಾವ. ನೀವು ಚಿಗಟಾನ ಕುಡೀತೀರಿ. ಹೊಟ್ಟ್ಯಾಗ ಮರಿ ಬೆಳದು ಬೆಳದು, ಒಂದು ವರ್ಷಕ್ಕ ಕಾಲಾಗ ಹಾದು ಹೊರಗ ಬರತೈತಿ. ಹುಣ್ಣಿನ ಕಾಲು ಬಾವ್ಯಾಗ ಇಡಬ್ಯಾಡ್ರಿ. ಧೋತರದ ಅರಿವಿ ಎರಡು ಪದರ ಮಾಡಿ ನೀರು ಸೋಸಿ ಕುಡೀರಿ. ಸೇದೂ ಬಾವಿ ಇದ್ರ ಅದರ ನೀರು ತರ್ರಿ, ಅದರಾಗ ಯಾರೂ ಕಾಲು ಇಡೂದಿಲ್ಲ. ಈ ವರ್ಷ ಕುಡದದ್ದು ಮುಂದಿನ ವರ್ಷ ಬಂದs ಬರತೈತಿ, ಅದಕ್ಕ ಮದ್ದಿಲ್ಲ. ಅಲ್ಲಿಂದ ಮುಂದ ಬರೂದಿಲ್ಲ."

ಇಂದು ಕೆಂಚಿನಾಳದಲ್ಲಿ ಕೊಡದ ಬಾಯಿಗೆ ಅರಿವೆ ಕಟ್ಟುವ ಹುಡುಗಿಯನ್ನು ಏಕೆಂದು ಕೇಳಿದರೆ, ನಮ್ಮವ್ವ ಕಟ್ಟುತ್ತಿದ್ದಳು ಎನ್ನುತ್ತಾಳೆ. ಅದು ಬೆಂಕಿ ಸುಡುತ್ತದೆ ಎಂಬಷ್ಟು ಸಾದಾ ತಿಳಿವಳಿಕೆಯಾಗಿ ಹೋಗಿದೆ. ಅಂದು ಮಾತ್ರ ಅದು ಒಬ್ಬನ ತಲೆಯ ಮೇಲೆ ಬಂಡೆಯ ಹಾಗೆ ಬಿತ್ತು.

ಖಂಡೆಪ್ಪ ಪರಾತದಿಂದ ಕಣ್ಣು ಕೀಳಲಿಲ್ಲ. ಆ ಬಿಳುಪನ್ನು ಅವನಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ. ದಿನಾ ಬೆಳಗ್ಗೆ, ಎಲ್ಲರಿಗಿಂತ ಮೊದಲು, ತನ್ನ ಹರಡಿನಿಂದ ಹೊರಟ ಬಿಳುಪು. ಪರಪ್ಪ ಕುಡಿದ ನೀರು. ಬಾಳಮ್ಮ ಹಾಸಿಗೆಯಲ್ಲಿ ಗುಟುಕು ಗುಟುಕಾಗಿ ಕುಡಿದ, ತಾನೇ ಕಳಿಸಿದ ಕೊಡ. ಅದು ಈಗ ಅವಳ ತೊಡೆಯಲ್ಲಿದೆ. ಈ ಬೆಳಗ್ಗೆಯದು ಅವಳ ಹೊಟ್ಟೆಯಲ್ಲಿದೆ. ಮಗನನ್ನು ಕೊಂದವರನ್ನು ಹುಡುಕಿ ಹುಡುಕಿ ಅವನು ಬಂದು ನಿಂತದ್ದು ತನ್ನ ಎಡಗಾಲಿನ ಹತ್ತಿರ.

ಬಾಪುಗೌಡ ಪರಾತದಿಂದ ಕಾಲು ತೆಗೆದು ಮೆಲ್ಲಗೆ ಕೇಳಿದ: "ಅಣ್ಣಾ, ಬಾವಿಗೆ ದಿನಾ ಮೊದಲ ಇಳಿಯೂ ಕಾಲು ಯಾರದು?"

"ಯಾರೊಬ್ಬರದೂ ಅಲ್ಲ" ಎಂದ ಯಾಕೂಬಸಾಬ. "ನೀವೆಲ್ಲಾರೂ ಇಳೀತೀರಿ. ಎಲ್ಲಾರ ಕಾಲಿಂದೂ ಐತಿ."

ಎಲ್ಲರದು ಎಂಬ ಮಾತು ಯಾರ ಕಿವಿಗೂ ಹೋಗಲಿಲ್ಲ. ವಿದ್ಯೆ ಬಂದಿತ್ತು, ಚಟ ಹೋಗಿರಲಿಲ್ಲ. ಊರಿಗೆ ಮತ್ತೊಬ್ಬ ಮಾಟಗಾರ ಸಿಕ್ಕಿದ್ದ. ಮೊದಲ ಕಲ್ಲು ಖಂಡೆಪ್ಪನ ಕಿವಿಯ ಮೇಲೆ ಬಿತ್ತು. ಎರಡನೆಯದು ಹುಬ್ಬು ಸೀಳಿತು. ಬಾಪುಗೌಡ ಅಂಗಿ ಕಿತ್ತೆಸೆದ. ಬಾರುಕೋಲಿನ ಹಳೆಯ ಬರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೊಡಲಿಯ ಹಿಂಬದಿಯಿಂದ ಅವನು ಅಣ್ಣನ ಎಡ ಹರಡಿಗೆ ಬಡಿದ. ಕಡ್ಡಿ ಮುರಿದು, ನಾರು ಹರಿದು, ಖಂಡೆಪ್ಪ ಹಂದಿಯ ಹಾಗೆ ಅರಚಿದ. ಯಾಕೂಬಸಾಬ ಪರಾತ ಬಿಟ್ಟು ಸೈಕಲ್ಲು ಹತ್ತಿ ಓಡಿಹೋದ. ಅವನನ್ನು ದೂರುವಂತಿಲ್ಲ, ಅವನಿಗೂ ಹಲ್ಲುಗಳಿದ್ದವು. ಅದೇ ಬೇವಿನ ಗಿಡ, ಅದೇ ಎಳೆದಾಟ. ಒಬ್ಬ ಸಿದ್ರಾಮನ ಕುಲುಮೆಯಿಂದ ಇನ್ನೊಂದು ಇಕ್ಕಳ ಕಸಿದು ತಂದ. ಇನ್ನೊಬ್ಬ, "ಸೀತವ್ವನ ಕರೀರಿ, ಆಕೀನ ಕೀಳಲಿ" ಎಂದ. ನ್ಯಾಯವಂತ ಊರು.

ಸೀತವ್ವ ಹಿಮ್ಮಡಿ ಊರಲಾರದೆ ಕುಂಟುತ್ತ ಬಂದಳು. ಅವಳ ಕೈಗೆ ಇಕ್ಕಳ ಕೊಟ್ಟರು. ಮೇಲಂಗಳದಿಂದ ಬಾಳಮ್ಮ ಸೆಟೆದ ಕಾಲನ್ನು ಎಳೆದುಕೊಂಡು ಬಂದು, ನಿಲ್ಲಲಾರದೆ ಅಲ್ಲೇ ಕುಸಿದಳು. "ಎವ್ವಾ, ನಮ್ಮಪ್ಪನ್ನ ಬಿಡಬೆ" ಎಂದಳು. ಹುಟ್ಟಿದಾಗಿನಿಂದ ಅವಳು ಸೀತವ್ವನನ್ನು ಎವ್ವ ಎಂದದ್ದು ಅದೇ ಮೊದಲು. ಖಂಡೆಪ್ಪ ನೆಲದ ಮೇಲಿಂದ ಮೇಲೆ ನೋಡಿದ. ಸೀತವ್ವನ ಬಾಯಿಯ ಕಪ್ಪು ಬಿರುಕು ಕಂಡಿತು. ಅವನಾಗಿಯೇ ಬಾಯಿ ತೆರೆದ. ಕೀಳಲಿ ಎಂದೇ ತೆರೆದ. ಮಗಳ ಎದುರಿಗೆ ಅದನ್ನಾದರೂ ತೀರಿಸಿದರೆ ಸಾಕಾಗಿತ್ತು ಅವನಿಗೆ.

ಸೀತವ್ವ ಬಗ್ಗಿ, ಆ ತೆರೆದ ಬಾಯಿಗೆ ಉಗುಳಿದಳು. ಇಕ್ಕಳವನ್ನು ಎಸೆದಳು.

"ಇವನ ಹಲ್ಲು ತಗೊಂಡು ನಾ ಏನು ರೊಟ್ಟಿ ಕಡೀಲಿ?" ಎಂದಳು. ಮಾತಿನ ನಡುವೆ ಗಾಳಿ ಸೋರುತ್ತಿತ್ತು, ಆದರೂ ಅರ್ಥವಾಗದವರು ಯಾರೂ ಇರಲಿಲ್ಲ. "ಆವಾಗ ಎಲ್ಲಾರೂ ಹಿಡದಿದ್ರಿ. ಒಬ್ಬಾಂವ ತಲಿ ಹಿಡದಿದ್ದ, ಒಬ್ಬಾಂವ ದವಡಿ ಹಿಡದಿದ್ದ. ನಮ್ಮ ಬಾವಿಗಿ ಎಲ್ಲಾರೂ ಕಲ್ಲ ಹಾಕೀರಿ. ಆ ಕಲ್ಲ ತಗೀರಿ."

ಜನ ಮುಖ ಮುಖ ನೋಡಿಕೊಂಡರು. ಪಾಪಪ್ರಜ್ಞೆಯಿಂದಲ್ಲ. ಯಾರೂ ಕಾಲಿಡದ ಸೇದುವ ಬಾವಿ ಸುತ್ತಲೂ ಅದೊಂದೇ ಎಂದು ಅವರಿಗೆ ಆಗ ಹೊಳೆದಿತ್ತು.

ಮರುದಿನ ಕೇರಿಯ ಬಾವಿಗೆ ಗಡಗಡಿಯ ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟರು. ಮೊದಲು ಬಂದು ನಿಂತವನು ಖಂಡೆಪ್ಪ. ಹರಡಿಗೆ ಅರಿವೆ ಸುತ್ತಿಕೊಂಡು, ಕೋಲೂರಿಕೊಂಡು, ಕೈಯಲ್ಲಿ ಮಗಳ ಕೊಡ ಹಿಡಿದು ಬಂದಿದ್ದ. ಬಾಳಮ್ಮ ಊರ ಬಾವಿಯ ನೀರು ಮುಟ್ಟೆನೆಂದು ಹಲ್ಲು ಕಚ್ಚಿ ಮಲಗಿದ್ದಳು. ಬಾಯಿ ಒಣಗಿ ತುಟಿ ಬಿರಿದಿತ್ತು. ಅವನು ಕೊಡ ಕೆಳಗಿಟ್ಟು, ಹಗ್ಗವನ್ನು ಸೊಂಟಕ್ಕೆ ಬಿಗಿದು, ಕಲ್ಲು ತೆಗೆಯಲು ಬಾವಿಯ ಅಂಚಿಗೆ ಕೂತು ಎಡಗಾಲು ಒಳಗೆ ಚಾಚಿದ. ಪ್ರಾಯಶ್ಚಿತ್ತಕ್ಕಾದರೂ ತಾನೇ ಮೊದಲು ಇಳಿಯಬೇಕು ಎಂಬುದು ಅವನ ರಕ್ತದಲ್ಲಿತ್ತು.

ಸೀತವ್ವ ಬದಿಯಲ್ಲಿದ್ದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಗೌಡಾ, ಕಾಲು ತಗಿ" ಎಂದಳು. "ಆ ಕಾಲು ನಮ್ಮ ಬಾವಿ ಮುಟ್ಟಬಾರದು."

ಅವನು ಅವಳ ಮುಖ ನೋಡಿದ, ಕಲ್ಲು ನೋಡಿದ. ಅವಳು ಹೇಳಿದ್ದು ನಿಜವಾಗಿತ್ತು, ಪರಾತದಲ್ಲಿ ತಾನೇ ಕಣ್ಣಾರೆ ಕಂಡಷ್ಟು ನಿಜ. ಕಾಲು ಎಳೆದುಕೊಂಡ. ಹಗ್ಗ ಬಿಚ್ಚಿ ಬೇರೆಯವರಿಗೆ ಕೊಟ್ಟ.

ಕಲ್ಲು ಮುಗಿದು, ಕೆಸರು ಹೋಗಿ, ನೀರು ತಿಳಿಯಾಗಲು ಕೆಲವು ದಿನ ಹಿಡಿಯಿತು. ಅಷ್ಟು ದಿನವೂ ಬಾಳಮ್ಮನಿಗೆ ಊರ ಬಾವಿಯ ನೀರನ್ನೇ ಧೋತರದಲ್ಲಿ ಸೋಸಿ, ಕಾಸಿ ಗುಟುಕು ಗುಟುಕು ಹಾಕಿದರು. ತಿಳಿಯಾದ ನೀರಿನ ಮೊದಲ ಕೊಡವನ್ನು ಮಾನಪ್ಪ ತನ್ನ ಸೊಟ್ಟಗೆ ಕೂಡಿದ ಕೈಯಿಂದಲೇ ಸೇದಿದ. ಅದು ಕೇರಿಗೆ ಹೋಯಿತು. ಆಮೇಲೆ ಸಾಲಿನಲ್ಲಿದ್ದವರ ಸರದಿ. ಖಂಡೆಪ್ಪ ಕಟ್ಟೆಯಿಂದ ದೂರ, ಸೀತವ್ವ ಬೆರಳು ತೋರಿಸಿದ ಜಾಗದಲ್ಲಿ, ಮಗಳ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹೊತ್ತೇರಿತು. ಯಾರಾದರೂ ಸುರಿಯಲಿ ಎಂದು ಅವನು ಕಾಯುತ್ತಿದ್ದ.